ಹಲಗೆ ಹೇಳದೆ ಬಿಟ್ಟ ಮಾತು

ಮನೆ ಬಿಟ್ಟು ಹೋಗುವ ಮಕ್ಕಳ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಬೇಕು, ನೀವು ಹಳೆಯ ಮಾಸ್ತರರು, ಬಂದು ನಾಲ್ಕು ಮಾತು ಆಡಿ ಎಂದು ಈಗಲೂ ಆಗಾಗ ಯಾರಾದರೂ ಕರೆಯಲು ಬರುತ್ತಾರೆ. ಮೊಣಕಾಲು ನೋವು ಎಂದು ಹೇಳಿ ಕಳಿಸುತ್ತೇನೆ. ಮೊಣಕಾಲು ನೋಯುವುದೇನೋ ನಿಜ. ಆದರೆ ಹೋಗದಿರುವ ಕಾರಣ ಬೇರೆ. ಆ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. ನಾಲ್ಕು ಊರಿನ ಸಂತೆಗಳಲ್ಲಿ ನಿಂತು ಗಂಟಲು ಹರಿದುಕೊಂಡಿದ್ದೇನೆ. ಆಗ ಬಂದ ದಣಿವು ಇನ್ನೂ ಪೂರ್ತಿ ಇಳಿದಿಲ್ಲ.

ಅದು ಯುದ್ಧದ ಕಾಲ. ನಾನು ಕುಷ್ಟಗಿಯಲ್ಲಿ ಸಾಲೆ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಬುದ್ಧಿ ಅದಕ್ಕಿಂತ ಕಡಿಮೆ. ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಡಬೇಕು. ನನಗೇ ಅರ್ಧಮರ್ಧ ಬರುತ್ತಿದ್ದ ಭಾಷೆ. ಬಾರದ ಉಳಿದರ್ಧವನ್ನು ಛಡಿಯಿಂದ ತುಂಬಿಸುತ್ತಿದ್ದೆ. ಹೊಡೆತ ತಿಂದ ಹುಡುಗರು ಮರುದಿನವೂ ಬಂದು ಕೂರುತ್ತಿದ್ದರು. ಹಾಗಾಗಿ ನನ್ನ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ತಿಳಿದಿದ್ದೆ.

ಒಂದು ದಿನ ಅವರಲ್ಲಿ ಒಬ್ಬ ಬರಲಿಲ್ಲ. ಹನ್ನೆರಡು ವರ್ಷದ ಹುಡುಗ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ. ಅಪ್ಪ ನಾಲ್ಕೆತ್ತಿನ ಒಕ್ಕಲುತನದವನು, ಊರಲ್ಲಿ ಮರ್ಯಾದಸ್ತ, ಕೈ ಮಾತ್ರ ಸ್ವಲ್ಪ ಮುಂದು. ಹಿಂದಿನ ದಿನ ಹುಡುಗ ಎತ್ತು ಕಟ್ಟುವುದನ್ನು ಮರೆತಿದ್ದ. ಎತ್ತು ಪಕ್ಕದವರ ಹೊಲಕ್ಕೆ ಬಿದ್ದು ಬೆಳೆ ಮೇಯ್ದಿತ್ತು. ಅಪ್ಪ ಬಾರುಕೋಲಿನಿಂದ ಬಾರಿಸಿದ್ದ. ಅದೇ ದಿನ ಬೆಳಿಗ್ಗೆ ನಾನೂ ಒಂದು ಅಕ್ಷರ ತಪ್ಪಿದ್ದಕ್ಕೆ ಅವನ ಅಂಗೈ ಕೆಂಪು ಮಾಡಿದ್ದೆ. ಬೆಳಗು ನನ್ನದು, ಸಂಜೆ ಅಪ್ಪನದು. ಮರುದಿನ ಅವನು ಊರಲ್ಲಿರಲಿಲ್ಲ.

ಆ ಕಡೆಯ ಊರುಗಳಲ್ಲಿ ಏನೇ ಕಳೆದರೂ ಸಂತೆಯಲ್ಲಿ ಚರ್ಮದ ಹಲಗೆ ಬಾರಿಸಿ ಡಂಗುರ ಸಾರಿಸುವ ರೂಢಿ. ಕುಷ್ಟಗಿಯಲ್ಲಿ ಡಂಗುರದ ಹಕ್ಕು ಒಬ್ಬ ಮುದುಕನದು. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಹಲಗೆ ಹೊತ್ತವರು. ಊರೆಲ್ಲ ಅವನನ್ನು ಏಕವಚನದಲ್ಲೇ ಕರೆಯುತ್ತಿತ್ತು. ನಾನೊಬ್ಬನೇ ಕಾಕಾ ಎನ್ನುತ್ತಿದ್ದೆ, ಅದಕ್ಕೆ ಅವನಿಗೆ ನನ್ನ ಮೇಲೆ ಸ್ವಲ್ಪ ಪ್ರೀತಿ. ಆ ವಾರದ ಸಂತೆಯಲ್ಲಿ ಅವನು ಸಾರಿದ್ದು ಇದು:

“ಕೇಳ್ರಪೋ ಕೇಳ್ರಿ! ಕೆಂದ ಬಣ್ಣದ ಆಕಳ ಕರ, ಎಡಗಿವಿ ಸೀಳೈತಿ, ತಪ್ಪಿಸಿಗೊಂಡು ಹೋಗೈತಿ. ಹನ್ನೆರಡು ವರ್ಷದ ಹುಡುಗ, ಎಡ ಹುಬ್ಬಿನ ಮ್ಯಾಲ ಕಲಿ ಐತಿ, ತಪ್ಪಿಸಿಗೊಂಡು ಹೋಗ್ಯಾನ. ಕಂಡವರು ಹಿಡದು ತರಬೇಕು. ಮುಚ್ಚಿ ಇಟಗೊಂಡವರಿಗೆ ದಂಡ ಐತಿ!”

ಕರು ಸಂಜೆಯೊಳಗೆ ಸಿಕ್ಕಿತು. ಹುಡುಗ ಸಿಗಲಿಲ್ಲ. ಜನ ಅದನ್ನು ದೊಡ್ಡದು ಮಾಡಲಿಲ್ಲ. ಹಸಿವಾದರೆ ತಾನೇ ಬರುತ್ತಾನೆ ಎಂದರು. ನಾನೂ ಹಾಗೇ ಅಂದೆ.

ಅದಾದ ಮೂರು ವಾರಕ್ಕೆ ಸಾಲೆಗೆ ರಜೆ ಬಂತು. ಗಂಗಾವತಿಯಲ್ಲಿದ್ದ ಅಕ್ಕನ ಮನೆಗೆ ಹೊರಟೆ. ಆಗ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಟಿಕೆಟ್ಟಿಗೆ ದುಡ್ಡು ಕೊಟ್ಟೂ ಅರ್ಧ ದಾರಿ ನಡೆದೇ ಹೋದಂತಾಗಿ, ಮರುದಿನ ಅಕ್ಕನಿಗೆ ತರಕಾರಿ ತರಲು ಸಂತೆಗೆ ಹೋದಾಗಲೂ ಸೊಂಟ ಹಿಡಿದಿತ್ತು. ಭತ್ತದ ಬಂಡಿಗಳ ಸಾಲಿನ ಪಕ್ಕದಲ್ಲಿ ಕೂತೆ. ಅಲ್ಲಿ ಐದಾರು ಮಕ್ಕಳು ಚೆಲ್ಲಿದ ಕಾಳು ಆರಿಸುತ್ತಿದ್ದವು. ಯಾರೋ ಬಡವರ ಮಕ್ಕಳು ಎಂದುಕೊಂಡೆ. ಅಷ್ಟರಲ್ಲಿ ಸಂತೆಯ ಆ ತುದಿಯಲ್ಲಿ ಹಲಗೆಯ ಸದ್ದು ಕೇಳಿಸಿತು. ಯಾವುದೋ ಕಂದಾಯದ ಡಂಗುರ. ಕಣ್ಣು ಮಿಟುಕಿಸುವುದರೊಳಗೆ ಆ ಮಕ್ಕಳು ಮಾಯ. ಬಗ್ಗಿ ನೋಡಿದೆ. ಒಬ್ಬ ಬಂಡಿಯ ಅಚ್ಚನ್ನು ಅಪ್ಪಿಕೊಂಡು ಕೆಳಗೆ ಜೋತುಬಿದ್ದಿದ್ದ. ಒಬ್ಬಳು ಹುಡುಗಿ ಹುಲ್ಲಿನ ಹೊರೆಯ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಉಳಿದವರು ಎತ್ತಿನ ಕಾಲುಗಳ ನಡುವೆ.

“ಯಾಕವ್ವ, ಏನಾತು?” ಎಂದು ಹುಡುಗಿಯನ್ನು ಕೇಳಿದೆ.

“ಹಲಗಿ ನಮ್ಮನ್ನ ಹಿಡಿಯಾಕ ಬಂದೈತ್ರಿ,” ಎಂದಳು.

ಅವಳು ಯಲಬುರ್ಗಿ ಕಡೆಯ ಮಂಗಳೂರು ಎಂಬ ಹಳ್ಳಿಯವಳಂತೆ. ಮಲತಾಯಿಯ ಕಾಟಕ್ಕೆ ಮನೆ ಬಿಟ್ಟವಳು. ಕೊಪ್ಪಳದ ಸ್ಟೇಷನ್ನಿನಲ್ಲಿ ಕೆಲವು ದಿನ ಇದ್ದು ಇಲ್ಲಿಗೆ ಬಂದಿದ್ದಳು. ಅಲ್ಲಿದ್ದ ಒಂದೊಂದು ಮಗುವೂ ಒಂದೊಂದು ಊರಿನದು. ಹಲಗೆ ಎಲ್ಲಿ ಕೇಳಿದರೂ ಅದು ತನಗೇ ಎಂದು ಪ್ರತಿಯೊಬ್ಬರೂ ನಂಬಿದ್ದರು. ನಾವು ಮಕ್ಕಳನ್ನು ಕರೆಯಲು ಹೊಡೆಸುತ್ತಿದ್ದ ಹಲಗೆಯೇ ಅವರನ್ನು ಊರಿಂದೂರಿಗೆ ಅಟ್ಟುತ್ತಿತ್ತು. ಅವತ್ತು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವಳಿಗೆ ಅಕ್ಕನ ಮನೆಯಲ್ಲಿ ಊಟ ಹಾಕಿಸಿದೆ. ಅಕ್ಕ ಅವಳನ್ನು ಕೆಲಸಕ್ಕೆ, ಮಾತಿಗೆ ಎಂದು ಇಟ್ಟುಕೊಂಡಳು. ಉಳಿದವರು ನನ್ನ ಹತ್ತಿರ ಸುಳಿಯಲಿಲ್ಲ.

ಕುಷ್ಟಗಿಗೆ ಬಂದವನೇ ಕಾಕಾನ ಹತ್ತಿರ ಹೋದೆ. ಮಕ್ಕಳ ಡಂಗುರದ ಮಾತು ಬದಲಾಗಬೇಕು ಎಂದೆ. ಅವನು ಹಲಗೆಯನ್ನು ಬಿಸಿಲಿಗೆ ಕಾಯಿಸುತ್ತಿದ್ದ.

“ಮಾಸ್ತರ್ರ, ಹಲಗಿ ಮ್ಯಾಲ ಹೇಳಿದ ಮಾತು ನಡೀಬೇಕ್ರಿ. ಹೇಳಿದ್ದು ನಡೀಲಿಲ್ಲಂದ್ರ ನಾಳೆ ಯಾರೂ ನನ್ನ ಹಲಗಿಗೆ ಕಿವಿ ಕೊಡಂಗಿಲ್ಲ. ಅವರಪ್ಪ ಮಾತು ಕೊಡ್ಲಿ, ನಾ ಸಾರತೀನಿ.”

ಅಪ್ಪನನ್ನು ಪೊಲೀಸ್ ಪಾಟೀಲರ ಕಟ್ಟೆಗೆ ಕರೆಸಿದೆವು. ಅವನು ಬೇಗ ಒಪ್ಪಲಿಲ್ಲ. ಮಕ್ಕಳನ್ನು ಹೊಡೆಯದೆ ಬೆಳೆಸುವುದು ಯಾವ ದೇಶದ ರೀತಿ ಎಂದ. ಪಾಟೀಲರೂ ಅವನ ಕಡೆಗೇ ತಲೆಯಾಡಿಸಿದರು. ಮೂಲೆಯಲ್ಲಿ ನಿಂತಿದ್ದ ಹುಡುಗನ ತಾಯಿ ಒಂದೇ ಸಮನೆ ಅಳುತ್ತಿದ್ದಳು. ಆ ಅಳು ಕೇಳಲಾರದೆ ಕೊನೆಗೆ ಅವನು, “ಆತು, ಬಡಿಯಂಗಿಲ್ಲ, ಬಯ್ಯಂಗಿಲ್ಲ, ಸಾರಿಸ್ರಿ,” ಎಂದ. ನಾನು ಹುಮ್ಮಸ್ಸಿನಲ್ಲಿ ಒಂದು ಮಾತು ಸೇರಿಸಿದೆ. ಜಾಮೀನು ನಾನಿರುತ್ತೇನೆ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಮುಂದಿನ ತಿಂಗಳೆಲ್ಲ ರಜೆ ಸಿಕ್ಕಾಗಲೆಲ್ಲ ಕಾಕಾ ಮತ್ತು ನಾನು ತಿರುಗಿದೆವು. ಕುಷ್ಟಗಿ, ಯಲಬುರ್ಗಿ, ಕೊಪ್ಪಳ, ಗಂಗಾವತಿ. ಬೇರೆ ಊರಿಗೆ ಹೋದಾಗ ಅವನು ಮೊದಲು ಆ ಊರಿನ ಹಲಗೆಯವನಿಗೆ ಎಲೆ ಅಡಿಕೆ ಕೊಟ್ಟು ಅಪ್ಪಣೆ ಕೇಳುತ್ತಿದ್ದ. ಆಮೇಲೆ ಸಂತೆಯ ನಡುವೆ ನಿಂತು, ಹಲಗೆಯನ್ನು ಹಣೆಗೆ ಮುಟ್ಟಿಸಿ ಶುರುಮಾಡುತ್ತಿದ್ದ:

“ಕೇಳಪೋ ತಮ್ಮಾ! ಎಡ ಹುಬ್ಬಿನ ಮ್ಯಾಲ ಕಲಿ ಇರೋ ಕುಷ್ಟಗಿ ಹುಡುಗಾ! ನಿಮ್ಮವ್ವ ರೊಟ್ಟಿ ಬಡದು ಕಾಯಾಕತ್ಯಾಳ. ಬಡಿಯಂಗಿಲ್ಲ, ಬಯ್ಯಂಗಿಲ್ಲ. ಮಾಸ್ತರ್ರು ಜಾಮೀನು ಅದಾರ. ಮನಿಗೆ ಬಾ!”

ಸಂತೆಯ ಜನ ನಕ್ಕರು. ಅಲ್ಲಿಯವರೆಗೆ ಅವರು ಬೆದರಿಸುವ ಹಲಗೆಯನ್ನಷ್ಟೇ ಕೇಳಿದ್ದರು. ಕೊಪ್ಪಳದಲ್ಲಿ ನಾನೂ ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತೆ. ನಿಮ್ಮ ಬಂಡಿಯ ಕೆಳಗೆ, ಕಣದಲ್ಲಿ, ಗುಡಿಯಲ್ಲಿ ಮಲಗುವ ಮಕ್ಕಳು ಕಳ್ಳರಲ್ಲ, ಅವರಿಗೂ ಒಂದು ಮನೆ ಇದೆ, ಅಟ್ಟಬೇಡಿ, ಮೊದಲು ಉಣ್ಣಲು ಕೊಡಿ, ಆಮೇಲೆ ಊರು ಕೇಳಿ, ಸುದ್ದಿ ಮುಟ್ಟಿಸಿ ಎಂದು ಹೇಳಿದೆ. ಜನ ಸುತ್ತ ನಿಂತು ಗಮನವಿಟ್ಟು ಕೇಳಿದರು. ನನಗೆ ಖುಷಿಯಾಯಿತು. ಮುಗಿದ ಮೇಲೆ ಒಬ್ಬ ಮುದುಕ ಹತ್ತಿರ ಬಂದು, “ಔಷಧಾ ಯಾವಾಗ ತಗೀತೀರಿ?” ಎಂದ. ನಾನು ಔಷಧ ಮಾರುವವನಲ್ಲ ಎಂದು ಹೇಳಿ ಬುಟ್ಟಿಯಿಂದ ಇಳಿದೆ. ಇನ್ನೊಬ್ಬ ಅಡ್ಡಗಟ್ಟಿ, ಹೀಗೆ ಬೇಡಿಕೊಂಡರೆ ನಾಳೆ ಮನೆಮನೆಯ ಹುಡುಗರೂ ಓಡಿಹೋಗುತ್ತಾರೆ ಎಂದು ರೇಗಿದ. ಆದರೂ ಎಲ್ಲ ವ್ಯರ್ಥವಾಗಲಿಲ್ಲ. ಯಲಬುರ್ಗಿಯ ಸಂತೆಯಲ್ಲಿ ಒಬ್ಬ ಹೆಂಗಸು, ತಮ್ಮ ಹಿತ್ತಲಲ್ಲಿ ವಾರದಿಂದ ಒಬ್ಬ ಹುಡುಗ ಮಲಗುತ್ತಾನೆ, ಏನು ಮಾಡಬೇಕು ಎಂದು ತಾನಾಗಿ ಕೇಳಿದಳು. ಅಂಥ ಪ್ರಶ್ನೆ ನಾನು ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಹುಡುಗ ಬಂದ. ಮನೆಗೆ ಹೋಗದೆ ನೇರ ನನ್ನ ಕೋಣೆಗೆ ಬಂದ. ಕಾಲಿನ ತುಂಬ ಧೂಳು, ಮೈಮೇಲೆ ಬರೀ ಎಲುಬು. ಬಾಗಿಲಲ್ಲೇ ನಿಂತು, “ಮಾಸ್ತರ್ರ, ಹಲಗಿ ಹೇಳಿದ್ದು ಖರೇನಾ?” ಎಂದ.

“ಖರೆ,” ಎಂದೆ.

“ನೀವೂ ಬಡಿಯಂಗಿಲ್ಲೇನ್ರಿ?”

“ನಾನೂ ಬಡಿಯಂಗಿಲ್ಲೋ.”

ಅವನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದೆ. ತಾಯಿ ಅವನ ಮುಖವನ್ನೆಲ್ಲ ತಡವಿ ತಡವಿ ನೋಡಿದಳು. ಅಪ್ಪ ಎದ್ದು ನಿಂತು, “ಬರ್ರಿ ಮಾಸ್ತರ್ರ, ಕುಂದರ್ರಿ,” ಎಂದು ಕಂಬಳಿ ಹಾಸಿದ. ಮಜ್ಜಿಗೆ ಕೊಟ್ಟರು. ಹುಡುಗ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದ. ನಾನು ಎದ್ದು ಬಂದೆ. ಅವತ್ತಿನಷ್ಟು ಸುಖವಾಗಿ ನಾನು ಕುಷ್ಟಗಿಯ ಬೀದಿಯಲ್ಲಿ ಮತ್ತೆಂದೂ ನಡೆಯಲಿಲ್ಲ.

ನಾಲ್ಕು ದಿನವಾದರೂ ಹುಡುಗ ಸಾಲೆಗೆ ಬರಲಿಲ್ಲ. ಜ್ವರ ಬಂದಿರಬೇಕು ಎಂದು ನೋಡಲು ಹೋದೆ. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ದನದ ಕೊಟ್ಟಿಗೆ ಕಡೆ ಕೈ ತೋರಿಸಿದ. ಹುಡುಗ ಅಲ್ಲಿ ಕೂತಿದ್ದ. ಎಡಗಾಲಿಗೆ ಕಬ್ಬಿಣದ ಬಳೆ, ಬಳೆಗೆ ಸರಪಳಿ, ಸರಪಳಿಯ ತುದಿಗೆ ಜಾಲಿಯ ಕೊರಡು. ನಡೆಯಬೇಕಾದರೆ ಕೊರಡನ್ನು ಬಗಲಲ್ಲಿ ಎತ್ತಿಕೊಂಡು ನಡೆಯಬೇಕು.

“ಯಜಮಾನರ, ಇದೇನ್ರಿ? ಮಾತು ಕೊಟ್ಟಿದ್ರಿ!” ಎಂದೆ.

ಅವನು ಹಗ್ಗ ಕೆಳಗಿಟ್ಟ. ಸಿಟ್ಟಾಗಲಿಲ್ಲ. “ಬಡದಿಲ್ರಿ. ಒಂದು ಮಾತು ಬೈದಿಲ್ಲ, ಬೇಕಾದ್ರ ಅವನ್ನ ಕೇಳ್ರಿ. ಹಲಗಿ ಹೇಳಿದ್ದಷ್ಟೂ ನಡಸೀನಿ. ಕೊರಡಿನ ಮಾತು ಹಲಗ್ಯಾಗ ಬರಲಿಲ್ಲಲ್ರಿ?”

ಅವನು ಜಾಣತನ ಮಾಡುತ್ತಿರಲಿಲ್ಲ, ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಿದ್ದ. ಓಡುವ ಹುಡುಗನಿಗೆ ಕೊರಡು ಕಟ್ಟುವುದು ನಮ್ಮ ಕಡೆ ಹೊಡೆತದ ಲೆಕ್ಕಕ್ಕೆ ಬರುತ್ತಿರಲಿಲ್ಲ, ಬೈಗುಳದ ಲೆಕ್ಕಕ್ಕೂ ಬರುತ್ತಿರಲಿಲ್ಲ. ಅದು ಜೋಪಾನ. ಹೊಲಕ್ಕೆ ಬೇಲಿ ಹಾಕಿದ ಹಾಗೆ. ನಾನು ಕಲಿತ ಹಳ್ಳಿಯ ಗಾಂವಟಿ ಸಾಲೆಯಲ್ಲಿ ನನ್ನ ಕಾಲಿಗೂ ಎರಡು ತಿಂಗಳು ಕೊರಡು ಇತ್ತು. ನನ್ನವ್ವ ಅದಕ್ಕೆ ಎಣ್ಣೆ ಸವರಿ, ಬಳೆಯ ಒಳಗೆ ಅರಿವೆ ಸುತ್ತಿ ಕೊಟ್ಟಿದ್ದಳು. ಅಷ್ಟು ಸಲೀಸಾಗಿ ಬದುಕಿನೊಳಗೆ ಸೇರಿಹೋಗಿದ್ದ ವಸ್ತು ಅದು. ಪಾಟೀಲರ ಕಟ್ಟೆಯಲ್ಲಿ ಕೂತು ಮಾತು ಗೊತ್ತು ಮಾಡುವಾಗ ನನಗೆ ಅದರ ನೆನಪೇ ಆಗಲಿಲ್ಲ. ಬೇರೆ ಯಾರು ಮರೆತರೂ ನಾನು ಮರೆಯಬಾರದಿತ್ತು.

ಕೊಟ್ಟಿಗೆಗೆ ಹೋಗಿ ಹುಡುಗನ ಪಕ್ಕ ಕೂತೆ. ಅವನೇ ನನ್ನನ್ನು ಸಮಾಧಾನ ಮಾಡಿದ.

“ನೀವು ಸುಳ್ಳ ಹೇಳಿಲ್ರಿ ಮಾಸ್ತರ್ರ. ಅಪ್ಪ ಬಡದಿಲ್ಲ.”

ಅದಕ್ಕಿಂತ ಅವನು ನನ್ನ ಮುಖಕ್ಕೆ ಉಗುಳಿದ್ದರೆ ಚೆನ್ನಾಗಿತ್ತು. ಪಾಟೀಲರ ಹತ್ತಿರ ಹೋದೆ, ಅಪ್ಪನ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಹುಡುಗನ ಕಾಲು ಬುದ್ಧಿ ಕಲಿತ ಮೇಲೆ ತಾನೇ ಬಿಚ್ಚುತ್ತೇನೆ ಎಂದು ಅಪ್ಪ ಹೇಳಿದ. ಕಾಕಾ ಸುದ್ದಿ ಕೇಳಿ ಹಲಗೆಯನ್ನು ಗೂಟಕ್ಕೆ ನೇತುಹಾಕಿದ. ಇನ್ನು ಮಕ್ಕಳ ಡಂಗುರ ತಾನು ಸಾರುವುದಿಲ್ಲ ಎಂದ. ಸಾಲೆಯಲ್ಲಿ ನಾನು ಛಡಿ ಮುರಿದು ಎಸೆದೆ. ಅದರಿಂದ ಆ ಹುಡುಗನಿಗೆ ಏನೂ ಆಗಲಿಲ್ಲ.

ಸುಮಾರು ಒಂದೂವರೆ ತಿಂಗಳ ಮೇಲೆ ತಾಯಿ ನನ್ನ ಕೋಣೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕಬ್ಬಿಣದ ಬಳೆ ತೆಗೆದು ಮುಂದಿಟ್ಟಳು. ಬೆಂಕಿಯಲ್ಲಿ ಸುಟ್ಟು ಕರ್ರಗಾಗಿತ್ತು.

“ಅವರಪ್ಪ ಹೊಲಕ್ಕ ಹೋದಾಗ ನಾನ ಕಲ್ಲಿಲೆ ಜಜ್ಜಿ ಬಿಡಿಸೀನ್ರಿ. ಹುಡುಗ ಹೋದ. ಕೊರಡು ಒಲಿಗೆ ಹಾಕಿ ಅದರ ಮ್ಯಾಲ ರೊಟ್ಟಿ ಬೇಯಿಸೀನಿ. ಈಗ ಹದಿನೈದು ದಿನಾತು. ಹಲಗಿ ಹೊಡಸ್ರಿ ಮಾಸ್ತರ್ರ. ಕೊರಡು ಸುಟ್ಟೈತಿ ಅಂತ ಸಾರಸ್ರಿ.”

ಅವಳನ್ನು ಕಾಕಾನ ಹತ್ತಿರ ಕರೆದುಕೊಂಡು ಹೋದೆ. ಕಾಕಾ ಬಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ತಾಯಿಯ ಮುಖ ನೋಡಿದ. ಗೂಟದಿಂದ ಹಲಗೆ ಇಳಿಸಿದ. ಈ ಸಲ ತಾನೂ ಬರುತ್ತೇನೆ ಎಂದು ತಾಯಿ ಹಟ ಹಿಡಿದಳು. ಗಂಡನಿಗೆ ತವರಿಗೆ ಹೋಗುತ್ತೇನೆ ಎಂದು ಹೇಳಿದ್ದಳಂತೆ.

ಮೂವರೂ ಹೊರಟೆವು. ಸಂತೆಯಿಂದ ಸಂತೆಗೆ. ಕೊರಡು ಒಲಿಗೆ ಹಾಕ್ಯಾರ, ಮನಿಗೆ ಬಾ ಎಂದು ಕಾಕಾ ಸಾರುತ್ತಿದ್ದ. ಜನ ಈ ಸಲ ನಗಲಿಲ್ಲ. ತಾಯಿಯನ್ನು ಕಣ್ಣೆದುರು ಕಂಡಿದ್ದಕ್ಕೋ, ಕೊರಡಿನ ಹೆಸರು ಕೇಳಿದ್ದಕ್ಕೋ, ಕೊನೆಯವರೆಗೆ ನಿಂತು ಕೇಳಿದರು. ಗಂಗಾವತಿಯಲ್ಲಿ ಭತ್ತದ ಬಂಡಿಯವನೊಬ್ಬ ಮುಂದೆ ಬಂದು, ಹುಬ್ಬಿನ ಮೇಲೆ ಕಲೆ ಇರುವ ಹುಡುಗ ಹನುಮನಹಳ್ಳಿಯಲ್ಲಿ ದೇವರ ಗುಡ್ಡ ಹತ್ತುವವರಿಗೆ ನೀರು ಹೊರುತ್ತಾನೆ, ಹಿಂದಿನ ಸಲ ನಿಮ್ಮ ಮಾತು ಕೇಳಿದ ಮೇಲೆ ಅಂಥವರನ್ನು ಕಂಡರೆ ಉಣ್ಣಲು ಕರೆಯುತ್ತೇನೆ ಎಂದ. ತನ್ನ ಬಂಡಿಯಲ್ಲೇ ನಮ್ಮನ್ನು ಕೂರಿಸಿಕೊಂಡ. ಇಡೀ ದಾರಿ ತಾಯಿ ಮಡಿಲಲ್ಲಿದ್ದ ರೊಟ್ಟಿಯ ಗಂಟನ್ನು ಬಂಡಿಯ ಕುಲುಕಿಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಹನುಮನಹಳ್ಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶನಿವಾರ, ಗುಡ್ಡಕ್ಕೆ ಹೋಗುವ ಜನ ಬಹಳ. ತಾಯಿಯನ್ನು ಬಂಡಿಯ ನೆರಳಲ್ಲಿ ಕೂರಿಸಿ ಕಾಕಾ ಹಲಗೆ ಬಾರಿಸಿದ. ಮೆಟ್ಟಿಲ ಹತ್ತಿರ ಕೊಡ ಹೊತ್ತು ನಿಂತಿದ್ದ ಹುಡುಗ ತಿರುಗಿ ನೋಡಿದ. ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ಕೊಡ ಕೆಳಗಿಟ್ಟು ಡಂಗುರವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ಆಮೇಲೆ ನನ್ನ ಹತ್ತಿರ ಬಂದ. ಕಾಲಿನ ಸುತ್ತ ಬಳೆಯ ಹುಣ್ಣು ಇನ್ನೂ ಮಾಯ್ದಿರಲಿಲ್ಲ.

“ಮಾಸ್ತರ್ರ,” ಎಂದ. “ಈ ಸಲ ಏನು ಬಿಟ್ಟೀರಿ?”

ವ್ಯಂಗ್ಯ ಇರಲಿಲ್ಲ. ಪಾಠದಲ್ಲಿ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದ. ನಾನು ಬಹಳ ಯೋಚಿಸಿದೆ. ಹೊಡೆತ, ಬೈಗುಳ, ಕೊರಡು. ಇನ್ನೇನಿದೆ? ಉಪವಾಸ ಕೆಡವಬಹುದು, ಕೋಣೆಯಲ್ಲಿ ಕೂಡಬಹುದು, ಯಾರ ಮನೆಗಾದರೂ ಜೀತಕ್ಕೆ ಬಿಡಬಹುದು. ಒಂದೊಂದಾಗಿ ನೆನಪಾಗತೊಡಗಿದವು. “ನನಗ ಗೊತ್ತಿಲ್ಲೋ ತಮ್ಮಾ,” ಎಂದೆ.

ಅಷ್ಟರಲ್ಲಿ ತಾಯಿ ಎದ್ದು ಬಂದಿದ್ದಳು. ಮಗನ ಮುಂದೆ ನಿಂತು, ಅವನನ್ನು ಮುಟ್ಟದೆ, ನನ್ನ ಕಡೆಗೂ ಕಾಕಾನ ಕಡೆಗೂ ನೋಡದೆ ಹೇಳಿದಳು.

“ನಾ ಹೇಳತೀನಿ, ಕೇಳು. ನಾ ಸುಟ್ಟ ಮರುದಿನಾನ ನಿಮ್ಮಪ್ಪ ಬಡಿಗ್ಯಾರ ಕಡೆ ಹೊಸಾ ಕೊರಡು ಮಾಡಿಸಿ ಇಟ್ಟಾನ. ಮೊದಲಿನಕಿಂತ ದೊಡ್ಡದೈತಿ. ನಿನ್ನ ಒಮ್ಮೆ ನೋಡಬೇಕಾಗಿತ್ತು, ಅದಕ್ಕ ಹಲಗಿ ಹೊಡಸೀನಿ. ನೋಡಿದೆ. ಮನಿಗೆ ಬರಬ್ಯಾಡ.”

ಕಾಕಾ ಹಲಗೆಯನ್ನು ಹೆಗಲಿಂದ ಇಳಿಸಿ ಬೋರಲು ಹಾಕಿದ. ಅವನ ಹಲಗೆಯ ಮಾತು ಮತ್ತೊಮ್ಮೆ ಸುಳ್ಳಾಗಿತ್ತು, ಈ ಸಲ ತಾಯಿಯಿಂದ. ಅವನು ಬಯ್ಯಲಿಲ್ಲ. ತಾಯಿ ಅಲ್ಲೇ ನೆಲದ ಮೇಲೆ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿದಳು. ಹುಡುಗ ಕೈ ತೊಳೆದುಕೊಂಡು ಬಂದು ಅವಳ ಎದುರು ಕೂತ. ಅವನು ಉಣ್ಣುವುದು ಮುಗಿಯುವವರೆಗೆ ನಾವಿಬ್ಬರೂ ಬೇರೆ ಕಡೆ ಮುಖ ಮಾಡಿ ನಿಂತಿದ್ದೆವು.